ಬೇರೆ ಒಲೆಯ ಬೂದಿ

ಸೂರತ್ತಿನಲ್ಲಿ ನನ್ನ ಕ್ಯಾಂಟೀನಿನ ಪಕ್ಕದ ಹಳೆಯ ಮನೆಯನ್ನು ಈ ಮಳೆಗಾಲದಲ್ಲಿ ಕೆಡವಿದರು. ಕೆಲಸದವರು ಬಾಗಿಲು, ಚೌಕಟ್ಟು, ಕಪಾಟಿನ ಪ್ಲೈವುಡ್ ತುಂಡುಗಳನ್ನೆಲ್ಲ ಅಂಗಳದಲ್ಲಿ ಒಟ್ಟಿ, ಮಳೆ ಸ್ವಲ್ಪ ಬಿಟ್ಟಾಗ ಬೆಂಕಿ ಹಾಕಿ ಚಹಾ ಕಾಯಿಸಿಕೊಳ್ಳುತ್ತಿದ್ದರು. ಒದ್ದೆ ಮರ, ಎಣ್ಣೆಬಣ್ಣ, ಅಂಟು ಎಲ್ಲ ಸೇರಿ ಸುಡುವ ವಾಸನೆ ಅಡುಗೆಮನೆಗೆ ನುಗ್ಗುತ್ತಿತ್ತು. ಗಿರಾಕಿಗಳು ಕೆಮ್ಮಿದರು, ಬೈದರು. ನಾನು ಸಟ್ಟುಗ ಕೆಳಗಿಟ್ಟು ಹಿಂದಿನ ಬಾಗಿಲು ಮುಚ್ಚಿ ಬಂದೆ. ಬಾಗಿಲು ಮುಚ್ಚಿದರೆ ಹೋಗುವ ವಾಸನೆ ಅದಲ್ಲ. ವಡೋದರಾದ ಒಂದು ಮಳೆಗಾಲ ಪೂರ್ತಿ ಅದರೊಳಗಿದೆ.

ಆಗ ನಾನು ವಡೋದರಾದ ಮಂಜಲ್‌ಪುರದಲ್ಲಿ ಸೋದರಮಾವನ ಹೋಟೆಲಿನಲ್ಲಿದ್ದೆ. ಕುಂದಾಪುರದ ಕಡೆಯ ಹಳ್ಳಿಯಲ್ಲಿ ಏಳನೇ ತರಗತಿ ಮುಗಿಸಿ ಬಂದವನು; ತಟ್ಟೆ ತೊಳೆಯುವುದರಿಂದ ಶುರುಮಾಡಿ ದೋಸೆಕಲ್ಲಿನವರೆಗೆ ಬಂದಿದ್ದೆ. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಹೋದ ಮೇಲೆ ತಂಗಿ ಪ್ರಮೀಳಾಳನ್ನೂ ಇಲ್ಲಿಗೇ ಕರೆತಂದೆ. ನಾನು ಓದಲಿಲ್ಲ, ಅವಳಾದರೂ ಓದಲಿ ಎಂಬುದು ನನ್ನ ಹಟ. ಅವಳು ಓದಿದಳು. ಆದರೆ ಬ್ಯಾಂಕ್ ಪರೀಕ್ಷೆಗೆ ಕಟ್ಟುವ ಬದಲು ಕಲಾ ಕಾಲೇಜಿಗೆ ಸೇರಿ ಮಣ್ಣಿನ ಕೆಲಸ ಹಿಡಿದಳು. ಮಾವ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ನಗಾಡಿದರು. "ಕುಂಬಾರಿಕೆ ಕಲೂಕೆ ಇಷ್ಟ್ ದೂರ ಬರ್ಕಿತ್ತಾ? ಊರಲ್ಲಿ ಕುಂಬಾರರ ಮನೆ ಎದ್ರೇ ಇತ್ತಲ್ಲ, ಅಲ್ಲೇ ಬಿಡ್ಲಕ್ಕಿತ್."

ಕಾಲೇಜು ಮುಗಿದ ಮೇಲೆ ಅವಳು ಒಬ್ಬ ಹಿರಿಯ ಕುಂಬಾರರ ಸ್ಟುಡಿಯೋದಲ್ಲಿ ಕೆಲವು ವರ್ಷ ಇದ್ದಳು. ಗುಜರಾತಿನವರು, ಹೆಸರು ಮಾಡಿದವರು. ಎಲ್ಲರೂ ಅವರನ್ನು ಸರ್ ಎಂದೇ ಕರೆಯುತ್ತಿದ್ದರು. ಮೊದಲ ವರ್ಷವೆಲ್ಲ ಹಿಡಿಯಿಲ್ಲದ ಒಂದೇ ಬಗೆಯ ಲೋಟ ಮಾಡಿಸಿದರಂತೆ. ಚಕ್ರದಿಂದ ಇಳಿಸಿದ ಕೂಡಲೇ ಅವರು ತಂತಿಯಿಂದ ಅದನ್ನು ನಡುವೆ ಸೀಳಿ, ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ತೋರಿಸಿ, ಮಣ್ಣನ್ನು ಮತ್ತೆ ತೊಟ್ಟಿಗೆ ಎಸೆಯುತ್ತಿದ್ದರು. ಮಾಡಿದ್ದು ಒಂದೂ ಉಳಿಯುತ್ತಿರಲಿಲ್ಲ. ನನಗೆ ಕೇಳಿಯೇ ಸಿಟ್ಟು ಬರುತ್ತಿತ್ತು. ಅವಳಿಗೆ ಮಾತ್ರ ಸರ್ ಹೇಳಿದ್ದು ದೇವರು ಹೇಳಿದ ಹಾಗೆ.

ಆಮೇಲೆ ಮಕರಪುರಾದ ಹಿಂದೆ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದು ತನ್ನದೇ ಕೆಲಸ ಶುರುಮಾಡಿದಳು. ಒಂದು ಚಕ್ರ, ಗ್ಯಾಸಿನಲ್ಲಿ ಉರಿಯುವ ಒಂದು ಭಟ್ಟಿ, ಮೂಲೆಯಲ್ಲಿ ಮಲಗಲು ಒಂದು ಮಂಚ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ನಾನು ಸ್ಕೂಟರಿನಲ್ಲಿ ಅವಳ ಊಟದ ಕ್ಯಾರಿಯರ್ ಒಯ್ಯುತ್ತಿದ್ದೆ. ಅವಳು ಉಣ್ಣುವಾಗ ಮಣ್ಣು ನಾದಿಕೊಡುತ್ತಿದ್ದೆ. ನಾದುವುದು ನನಗೆ ಬರುವ ಕೆಲಸ ಎಂದುಕೊಂಡಿದ್ದೆ. ಅವಳು ಬಾಯಲ್ಲಿ ತುತ್ತಿಟ್ಟುಕೊಂಡೇ ನಗುತ್ತಿದ್ದಳು. "ಪೂರಿ ಹಿಟ್ಟಿನ ಹಾಂಗೆ ಮಡಚಬೇಡ ಅಣ್ಣಯ್ಯ. ನೀ ಗಾಳಿ ಒಳಗೆ ಹಾಕ್ತಾ ಇದ್ದಿ." ಅಂಗೈಯ ಬುಡದಿಂದ ಒತ್ತಿ, ತಿರುಗಿಸಿ, ಮತ್ತೆ ಒತ್ತುವುದನ್ನು ಕಲಿಸಿದಳು. ಕಲಿಯಲು ನನಗೆ ತಿಂಗಳುಗಳು ಬೇಕಾದವು.

ಒಂದು ದಿನ ಹೋಟೆಲಿನ ಹಿತ್ತಲಿಗೆ ಬಂದವಳು ದೊಡ್ಡ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತಳು. ಅನ್ನದ ಹಂಡೆಗೂ ಪಾತ್ರೆ ತೊಳೆಯುವ ಬಿಸಿನೀರಿಗೂ ನಾವು ಆಗ ಕಟ್ಟಿಗೆಯನ್ನೇ ಉರಿಸುತ್ತಿದ್ದೆವು. ಡಿಪೋದಿಂದ ಬರುತ್ತಿದ್ದುದು ಬರೀ ಜಾಲಿ. ಅವಳು ಬೂದಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಎಸೆಯಬೇಡ, ನನಗೆ ಬೇಕು ಎಂದಳು. ಅದನ್ನು ಜರಡಿ ಹಿಡಿದಳು. ಡ್ರಮ್ಮಿನಲ್ಲಿ ನೆನೆಹಾಕಿ, ಕೈ ಸುಡುವಂಥ ಜಾರುಜಾರು ನೀರನ್ನು ಮತ್ತೆ ಮತ್ತೆ ಚೆಲ್ಲಿದಳು. ಒಣಗಿಸಿ, ಕಲ್ಲುಪುಡಿ, ಬಿಳಿಮಣ್ಣು ಬೆರೆಸಿದಳು. ಪಾತ್ರೆಯ ಮೇಲೆ ಗಾಜಿನಂತೆ ಕೂರುವ ಲೇಪಕ್ಕೆ ಅವರು ಗ್ಲೇಜ್ ಎನ್ನುತ್ತಾರೆ. ಬೆರಳಗಲದ ಬಿಲ್ಲೆಗಳಿಗೆ ಅದನ್ನು ಬಳಿದು, ಅಳತೆ ಬದಲಿಸಿ ಬದಲಿಸಿ ಆ ಬೇಸಿಗೆಯೆಲ್ಲ ಸುಟ್ಟಳು. ಕಡೆಗೊಂದು ಬಿಲ್ಲೆ ಬಂತು: ಕೆಸುವಿನೆಲೆಯ ಹಿಂಬದಿಯ ಬೂದುಹಸಿರು, ಅಂಚಿನಲ್ಲಿ ಮಳೆನೀರು ಗೋಡೆಯ ಮೇಲೆ ಇಳಿದ ಹಾಗೆ ಗೆರೆ. ಅವಳು ಅದನ್ನು ನನ್ನ ಕೈಗಿಟ್ಟು ನನ್ನ ಮುಖವನ್ನೇ ನೋಡಿದಳು.

ಶೆಡ್ಡಿಗೆ ಯಾರು ಬಂದರೂ ಆ ಬಿಲ್ಲೆ ತೋರಿಸಿ, ಇದು ನನ್ನ ಅಣ್ಣನ ಒಲೆಯ ಬೂದಿ ಎನ್ನುತ್ತಿದ್ದಳು. ಹಿಂದಿಯಲ್ಲಿ ಹೇಳುತ್ತಿದ್ದಳು, ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಇಂಗ್ಲಿಷ್ ಬರದ ನನಗೂ ಆ ಒಂದು ವಾಕ್ಯ ತಿಳಿಯುತ್ತಿತ್ತು. ಅವಳ ಗೆಳತಿಯರು, ಸರ್ ಅವರ ಶಿಷ್ಯರು ನನ್ನ ಕಡೆ ತಿರುಗಿ ನೋಡುತ್ತಿದ್ದರು. ದೋಸೆ ಹುಯ್ಯುವವನ ಕಡೆ ಅಂಥವರು ಅದಕ್ಕೆ ಮೊದಲು ಹಾಗೆ ನೋಡಿದ್ದಿಲ್ಲ. ನಾನು ಎಸೆಯುತ್ತಿದ್ದ ವಸ್ತು ಅವಳ ವಿದ್ಯೆಗೆ ಬೇಕಾಯಿತಲ್ಲ ಎಂದು ಒಳಗೊಳಗೇ ಉಬ್ಬಿದೆ. ಮುಂದೆ ನಡೆದದ್ದಕ್ಕೆಲ್ಲ ಈ ಉಬ್ಬೇ ಮೂಲ.

ಆ ಬಿಲ್ಲೆಯನ್ನು ನೋಡಿಯೇ ಅಹಮದಾಬಾದಿನ ರೀಟಾಬೆನ್ ಎಂಬ ಹೆಂಗಸು ತಾನು ತೆರೆಯಲಿದ್ದ ರೆಸ್ಟೋರೆಂಟಿಗೆ ಪೂರ್ತಿ ತಟ್ಟೆ, ಬಟ್ಟಲುಗಳನ್ನು ಪ್ರಮೀಳಾಳಿಗೇ ವಹಿಸಿದರು. ನವರಾತ್ರಿಯ ಹೊತ್ತಿಗೆ ಕೊಡಬೇಕು. ಇದೊಂದು ಸರಿಯಾಗಿ ಹೋದರೆ ತನ್ನ ಕೈಯ ಕೆಲಸದ ಮೇಲೆಯೇ ಬದುಕಬಹುದು, ಇಲ್ಲದಿದ್ದರೆ ಶೆಡ್ಡು ಬಿಡಬೇಕು ಎಂದು ಅವಳು ನನಗೆ ಬಿಡಿಸಿ ಹೇಳಿದಳು. ಬೂದಿಯ ಚಿಂತೆ ನಿನಗೆ ಬೇಡ ಎಂದು ನಾನು ಎದೆ ತಟ್ಟಿ ಹೇಳಿದೆ.

ಮಳೆ ಹಿಡಿಯಿತು. ಡಿಪೋದ ಕಟ್ಟಿಗೆ ನೆನೆದು, ಒಲೆ ಉರಿಯುವ ಬದಲು ಹೊಗೆ ಕಾರತೊಡಗಿತು. ಹಿಂದಿನ ವಸತಿ ಸೊಸೈಟಿಯವರು ಬಟ್ಟೆಯೆಲ್ಲ ಕಪ್ಪಾಗುತ್ತಿದೆ ಎಂದು ಜಗಳಕ್ಕೆ ಬಂದರು. ಮಾವ ಒಂದು ಬೆಳಿಗ್ಗೆ ಮೇಸ್ತ್ರಿಯನ್ನು ಕರೆಸಿ ಒಲೆಯನ್ನೇ ಒಡೆಸಿ, ಆ ಜಾಗದಲ್ಲಿ ಗ್ಯಾಸಿನ ಒಲೆ ಕೂರಿಸಿದರು. ಪ್ರಮೀಳಾಳಿಗೆ ಇದು ತಿಳಿಯಲಿಲ್ಲ. ಶೆಡ್ಡು ಬಿಟ್ಟು ಹೋಟೆಲಿನ ಕಡೆ ಬರಲು ಅವಳಿಗೆ ಪುರುಸೊತ್ತಿರಲಿಲ್ಲ. ಊಟ ಒಯ್ಯುವವನು ನಾನೇ, ಬೂದಿ ಒಯ್ಯುವವನೂ ನಾನೇ.

ಅವತ್ತೇ ಹೋಗಿ ಹೇಳಿದ್ದರೆ ಅವಳು ಬೇರೆ ದಾರಿ ನೋಡುತ್ತಿದ್ದಳು. ರೀಟಾಬೆನ್‌ರಿಂದ ಸಮಯ ಕೇಳುತ್ತಿದ್ದಳು, ಎಲ್ಲಿಂದಲೋ ಜಾಲಿ ಕಟ್ಟಿಗೆ ತರಿಸಿ ತಾನೇ ಸುಡುತ್ತಿದ್ದಳು. ನನ್ನ ಒಲೆ ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವಳಿಗೆ ಕೊಡಲು ನನ್ನ ಹತ್ತಿರ ಇದ್ದದ್ದು ಅದೊಂದೇ.

ಮಾರುಕಟ್ಟೆಯ ಹಿಂದೆ ಕಡಲೆಹಿಟ್ಟಿನ ಗಾಂಠಿಯಾ ಕರಿಯುವ ಕನುಭಾಯಿಯ ಭಟ್ಟಿಯಿತ್ತು. ಅವರು ಕೈಗೆ ಸಿಕ್ಕಿದ್ದನ್ನೆಲ್ಲ ಉರಿಸುತ್ತಿದ್ದರು: ಪೀಠೋಪಕರಣದ ಅಂಗಡಿಯ ಪ್ಲೈವುಡ್ ತುಂಡು, ಪ್ಯಾಕಿಂಗ್ ಪೆಟ್ಟಿಗೆ, ಬಣ್ಣ ಹಚ್ಚಿದ ಹಳೆಯ ಕಿಟಕಿ. ಬೂದಿ ಕೊಡುತ್ತೀರಾ ಎಂದು ಕೇಳಿದಾಗ ಅವರು ಕರಿಯುವ ಜಾಲರಿ ಸಟ್ಟುಗ ಹಿಡಿದುಕೊಂಡೇ ನಕ್ಕರು. ಮದ್ರಾಸಿಗಳು ಇಡ್ಲಿಗೆ ಇದನ್ನೂ ಹಚ್ಚಿಕೊಳ್ಳುತ್ತೀರಾ, ಒಯ್ಯಿರಿ, ನನಗೆ ಎಸೆಯುವ ಕೆಲಸ ತಪ್ಪಿತು ಎಂದರು. ಗೋಣಿ ತುಂಬಿಕೊಂಡು ಬಂದೆ.

ಬೂದಿ ಎಂದರೆ ಬೂದಿ ಎಂದುಕೊಂಡೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಊರಲ್ಲಿ ಅಮ್ಮ ತೆಂಗಿನ ಸಿಪ್ಪೆಯದೋ, ಸೌದೆಯದೋ, ಯಾವ ಬೂದಿಯಲ್ಲಾದರೂ ಪಾತ್ರೆ ಬೆಳಗುತ್ತಿದ್ದಳು. ಬೂದಿಗೂ ಜಾತಿ ಇರುತ್ತದೆ ಎಂದು ನನಗೇನು ಗೊತ್ತು? ಆದರೆ ನಿಜವಾಗಿ ಹಾಗೆ ನಂಬಿದ್ದರೆ ಹೇಳಿಯೇ ಕೊಡುತ್ತಿದ್ದೆ. ನಾನು ಮಾಡಿದ್ದೇ ಬೇರೆ. ಹಿತ್ತಲಿನಲ್ಲಿ ಕುಳಿತು ಆ ಬೂದಿಯಿಂದ ಮೊಳೆ, ಸ್ಕ್ರೂ, ಕಿಟಕಿಯ ಕಬ್ಬಿಣದ ಕೀಲಿನ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದು, ಆಮೇಲೆ ಒಯ್ದೆ. ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಜಾಗ್ರತೆಯಿಂದ.

ಆ ಬೂದಿಯ ಲೇಪ ಬಳಿದ ತಟ್ಟೆಗಳ ಮೊದಲ ಭಟ್ಟಿ ತೆರೆದ ದಿನ ನಾನಿದ್ದೆ. ಬಾಗಿಲಿನ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ಅವಳು ಒಳಗೆ ಬಗ್ಗಿದಳು, ಬಗ್ಗಿದವಳು ಹಾಗೇ ನಿಂತಳು. ತಟ್ಟೆಗಳ ಮೇಲೆಲ್ಲ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಕೆಲವು ಕಂದು, ಕೆಲವು ಸತ್ತ ಬೂದು ಬಣ್ಣ. ಒಂದರ ಮೇಲೆ ಬೆರಳಾಡಿಸಿದಾಗ ಗುಳ್ಳೆ ಒಡೆದು ಬೆರಳು ಸೀಳಿತು. ಭಟ್ಟಿಯ ಇಟ್ಟಿಗೆ ತೇವ ಹೀರಿಕೊಂಡಿರಬೇಕು ಎಂದು ಅವಳೇ ಕಾರಣ ಹುಡುಕಿದಳು. ಹೌದು, ಮಳೆಗಾಲ ಎಂದು ನಾನೂ ತಲೆಯಾಡಿಸಿದೆ.

ಎರಡನೆಯ ಸಲ ಲೇಪವನ್ನು ತೆಳು ಮಾಡಿದಳು. ಮುಂದೆ ಉರಿ ನಿಧಾನ ಮಾಡಿದಳು, ಆಮೇಲೆ ಮಣ್ಣನ್ನೇ ಬದಲಿಸಿದಳು. ಪ್ರತಿ ಸಲವೂ ಗುಳ್ಳೆ. ಪ್ರತಿ ಸಲ ಬೇರೆ ಬಗೆಯ ಗುಳ್ಳೆ, ಏಕೆಂದರೆ ಕನುಭಾಯಿಯ ಭಟ್ಟಿಗೆ ದಿನಕ್ಕೊಂದು ಬಗೆಯ ಕಸ ಬೀಳುತ್ತಿತ್ತು. ನನ್ನ ಗೋಣಿಯೊಂದು ಬಿಟ್ಟು ಉಳಿದದ್ದನ್ನೆಲ್ಲ ಅವಳು ಸಂಶಯದಿಂದ ನೋಡಿದಳು. ವಿಶ್ವಾಮಿತ್ರಿ ನದಿ ಉಕ್ಕಿ ತಗ್ಗಿನ ರಸ್ತೆಗಳಿಗೆ ನೀರು ಬಂತು, ಯಾರದೋ ಗೇಟಿನೊಳಗೆ ಮೊಸಳೆ ಮಲಗಿದೆ ಎಂದು ಜನ ಗುಂಪುಗೂಡಿದರು. ಅವಳು ಹೊರಗೆ ಬಂದೂ ನೋಡಲಿಲ್ಲ. ಮುಖ ಬತ್ತಿ ಮೂಳೆ ಕಾಣುತ್ತಿತ್ತು. ಹಾಳಾದ ತಟ್ಟೆಗಳನ್ನು ನಾನು ಗೋಣಿಯಲ್ಲಿ ಹಾಕಿ ಶೆಡ್ಡಿನ ಹಿಂದಿನ ಹೊಂಡಕ್ಕೆ ಸುರಿದು ಬರುತ್ತಿದ್ದೆ. ಬೂದಿ ತಂದ ಗೋಣಿಯಲ್ಲೇ.

ಜಾಲಿ ಕಟ್ಟಿಗೆ ಕೊಂಡು ಎಲ್ಲಾದರೂ ಸುಟ್ಟು ಒಳ್ಳೆಯ ಬೂದಿ ಮಾಡಿಕೊಡಬಹುದಿತ್ತು. ಅದನ್ನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದರಲ್ಲಿ ತಟ್ಟೆ ಸರಿ ಬಂದರೆ ಹಿಂದಿನ ಬೂದಿ ಯಾವುದು ಎಂಬ ಪ್ರಶ್ನೆ ಏಳುತ್ತಿತ್ತು. ಅದಕ್ಕೆ ಹೆದರಿ ಸುಮ್ಮನಿದ್ದೆ. ಅವಳ ಕೆಲಸ ಸರಿಹೋಗುವುದಕ್ಕೇ ಹೆದರುವ ಸ್ಥಿತಿಗೆ ನಾನು ಬಂದಿದ್ದೆ.

ಒಂದು ಮಧ್ಯಾಹ್ನ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಪಕ್ಕದಲ್ಲಿದ್ದವರ ಮಾತೂ ಕೇಳದಷ್ಟು ಸದ್ದು. ಬೇಸಿಗೆಯ ಬಿಲ್ಲೆಯನ್ನು ಒಂದು ಕೈಯಲ್ಲಿ, ಹೊಸ ತಟ್ಟೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಾಗಿಲ ಬೆಳಕಿನಲ್ಲಿ ನಿಂತಿದ್ದವಳು ನನ್ನ ಹತ್ತಿರ ಬಂದು ಕಿವಿಗೆ ಕೇಳುವ ಹಾಗೆ ಕೇಳಿದಳು.

"ಅಣ್ಣಯ್ಯ, ಬೂದಿ ಅದೇ ಒಲೆದ್ದಲ್ದಾ?"

"ಅದೇ. ಮತ್ತೆಲ್ಲಿಂದ ತರೂದು ನಾನ್?"

ಮಾತಿಗೆ ಸ್ವಲ್ಪ ಸಿಟ್ಟನ್ನೂ ಬೆರೆಸಿದೆ. ಅವಳ ಮುಖ ಸಣ್ಣದಾಯಿತು.

"ಸುಮ್ನೆ ಕೇಂಡೆ ಅಷ್ಟೆ. ಬೇಜಾರ್ ಮಾಡ್ಕಣ್‌ಬೇಡ."

ತಪ್ಪು ಕೇಳಿದವಳ ಹಾಗೆ ನನ್ನ ತೋಳು ಮುಟ್ಟಿ, ಹೋಗಿ ಮತ್ತೆ ಚಕ್ರದ ಮುಂದೆ ಕುಳಿತಳು. ಮತ್ತೆಂದೂ ಬೂದಿಯ ಮಾತೆತ್ತಲಿಲ್ಲ.

ಕಡೆಗೆ ಸರ್ ಅವರನ್ನು ಕರೆಸಿದಳು. ಅವರು ಛತ್ರಿ ಮಡಚಿಟ್ಟು ತಟ್ಟೆಗಳನ್ನು ಒಂದೊಂದಾಗಿ ಬೋರಲು ಹಾಕಿ ನೋಡಿದರು. ಚಹಾ ತಂದಿದ್ದ ನಾನು ಬಾಗಿಲಲ್ಲಿದ್ದೆ. ಅವಳು ಮಾಡಿದ್ದನ್ನೆಲ್ಲ ಹೇಳಿದಳು. ಬೂದಿ ಮಾತ್ರ ಅದೇ, ನಮ್ಮಣ್ಣನದು ಎಂದಳು. ಅವರು ಹಿಂದಿಯಲ್ಲಿ ಮೆಲ್ಲಗೆ, ಬೈಯದೆ ಹೇಳಿದರು: "ನೋಡು ಮಗಳೇ, ಬಿಲ್ಲೆಯ ಮೇಲೆ ಎಲ್ಲರಿಗೂ ಒಮ್ಮೆ ಬರುತ್ತದೆ. ಭಟ್ಟಿ ತುಂಬ ಅದನ್ನೇ ತರುವುದಕ್ಕೆ ಬೇರೆ ಕೈ ಬೇಕು. ಕೆಲವರ ಕೈ ಒಂದು ಹಂತದವರೆಗೆ ಬಂದು ನಿಲ್ಲುತ್ತದೆ." ಅವಳು ತನ್ನ ಕೈಗಳನ್ನು ನೋಡಿಕೊಂಡಳು. ನಾನು ಲೋಟಗಳಿಗೆ ಚಹಾ ಬಗ್ಗಿಸಿದೆ. ಸಕ್ಕರೆ ಸಾಕೇ ಎಂದು ಸರ್ ಅವರನ್ನು ಕೇಳಿದೆ ಕೂಡ.

ರೀಟಾಬೆನ್ ಒಳ್ಳೆಯವರು. ತಾವೇ ಬಂದು, ಬೇಸರ ಮಾಡಿಕೊಳ್ಳಬೇಡ ಎಂದು ಬೆನ್ನು ಸವರಿ, ಕಾರ್ಖಾನೆಯ ತಟ್ಟೆ ತರಿಸಿಕೊಳ್ಳುತ್ತೇನೆ ಎಂದು ಹೋದರು. ನವರಾತ್ರಿಗೆ ಬೀದಿಯಲ್ಲೆಲ್ಲ ಗರ್ಬಾದ ಹಾಡು ಕೇಳುತ್ತಿರುವಾಗ ಪ್ರಮೀಳಾ ಚಕ್ರವನ್ನು ಕಾಲೇಜಿನ ಒಬ್ಬಳಿಗೆ ಮಾರಿದಳು. ಹೋಟೆಲಿಗೆ ಬಂದಾಗ ಗ್ಯಾಸಿನ ಒಲೆ ಕಂಡು ಯಾವಾಗ ಹಾಕಿಸಿದಿರಿ ಎಂದಳು. ಮೊನ್ನೆ ಎಂದೆ. ಮಾವ ಆಚೆಯಿದ್ದರು, ಕೇಳಿಸಿಕೊಳ್ಳಲಿಲ್ಲ.

ಆಮೇಲೆ ಅವಳಿಗೆ ಅಹಮದಾಬಾದಿನ ನರೋಡಾದಲ್ಲಿ ಟೈಲ್ಸಿಗೆ ಬಣ್ಣದ ಪುಡಿ ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಪುಡಿ ತೂಗುವುದು, ಮಾದರಿ ಸುಡುವುದು. ಹುಬ್ಬಳ್ಳಿ ಕಡೆಯ ಒಳ್ಳೆಯ ಹುಡುಗನ ಜೊತೆ ಮದುವೆಯಾಯಿತು. ಚಾಂದ್‌ಖೇಡಾದ ಕ್ವಾರ್ಟರ್ಸಿನಲ್ಲಿ ಮನೆ, ಒಬ್ಬಳು ಮಗಳು. ನಾನು ಸೂರತ್ತಿಗೆ ಬಂದು ಸ್ವಂತ ಕ್ಯಾಂಟೀನು ಹಾಕಿದೆ. ನೋಡುವವರಿಗೆ ಇಬ್ಬರದೂ ದಡ ಸೇರಿದ ಬದುಕು. ಒಮ್ಮೆ ಹಬ್ಬಕ್ಕೆ ಅವಳ ಮನೆಗೆ ಹೋದಾಗ ನೆರೆಮನೆಯಾಕೆ, ನೀವು ಕುಂಬಾರಿಕೆ ಕಲಿತವರಂತೆ, ಮನೆಯಲ್ಲಿ ಒಂದು ಹೂದಾನಿಯೂ ಇಲ್ಲವಲ್ಲ ಎಂದಳು. ನನಗೆ ಅದಕ್ಕೆ ಕೈಯಿಲ್ಲ ಎಂದು ಪ್ರಮೀಳಾ ಉತ್ತರಿಸಿದಳು. ದುಃಖದಿಂದಲ್ಲ, ನಮ್ಮ ಮನೆಯಲ್ಲಿ ಮಾವಿನ ಮರ ಇಲ್ಲ ಎನ್ನುವ ಹಾಗೆ. ಪಕ್ಕದಲ್ಲಿ ಪಾಯಸ ತಿನ್ನುತ್ತಿದ್ದ ನಾನು ಬಟ್ಟಲನ್ನು ಕೆಳಗಿಟ್ಟೆ.

ಈ ಸಲ ಪಕ್ಕದ ಅಂಗಳದ ಆ ಹೊಗೆ ನಿಲ್ಲಲಿಲ್ಲ. ದಿನವೂ ಸುಡುತ್ತಿದ್ದರು. ಒಂದು ಭಾನುವಾರ ಕ್ಯಾಂಟೀನು ಮುಚ್ಚಿ ಅಹಮದಾಬಾದಿನ ರೈಲು ಹತ್ತಿದೆ. ಅವಳ ಗಂಡ ಮಗಳನ್ನು ನೃತ್ಯದ ಕ್ಲಾಸಿಗೆ ಕರೆದೊಯ್ದಿದ್ದರು. ಅವಳು ಬಟಾಟೆ ಸಿಪ್ಪೆ ತೆಗೆಯುತ್ತಿದ್ದಳು. ನಾನು ಒಲೆ ಒಡೆದಲ್ಲಿಂದ ಹಿಡಿದು ಮೊಳೆ ಹೆಕ್ಕಿದ್ದರವರೆಗೆ ಎಲ್ಲ ಹೇಳಿದೆ. ಅವಳ ಚಾಕು ನಿಂತಿತು. ಹೊರಗೆ ತರಕಾರಿ ಗಾಡಿಯವನು ಕೂಗುತ್ತಾ ಹೋದ. ಅವಳು ಅಳಲಿಲ್ಲ, ಬೈಯಲಿಲ್ಲ. ನಾನು ಕ್ಷಮಿಸು ಎಂದಾಗ ಮಾತ್ರ ತಲೆಯೆತ್ತಿದಳು.

"ಈಗ ಹೇಳಿ ನಿಂಗೆ ಹಗುರ ಆಯ್ತ್. ನಂಗೆ ಎಂತ ಆಯ್ತ್? ಈಗ ಚಕ್ರದ ಮುಂದೆ ಕೂತ್ರೆ ಸೊಂಟ ಏಳುದಿಲ್ಲ ಅಣ್ಣಯ್ಯ. ನನ್ನ ಕೈ ಸರಿ ಇತ್ತ್ ಅಂತ ಗೊತ್ತಾಪುಕೆ ಇಷ್ಟ್ ವರ್ಷ ಬೇಕಾಯ್ತ್."

ಅವಳು ಎದ್ದು ಬಟಾಟೆಯನ್ನು ನೀರಿಗೆ ಹಾಕಿದಳು. ಬೆನ್ನು ತಿರುಗಿಸಿಕೊಂಡೇ ಕೇಳಿದಳು, ಇದನ್ನು ಬೇರೆ ಯಾರಿಗಾದರೂ ಹೇಳಿದ್ದೀಯಾ ಎಂದು. ಇಲ್ಲ ಎಂದೆ.

"ಮಾಪಿ ಎಲ್ಲ ಬೇಡ. ಹೇಳ್. ನನ್ನ ಕೈ ಸರಿ ಇತ್ತ್ ಅಂತ ಹೇಳ್. ಮಾವನಿಗೆ ಹೇಳ್, ಸರ್‌ಗೆ ಹೇಳ್. ಯಾರ್‌ಯಾರ್ ಕಂಡಿದ್ರೋ ಎಲ್ಲರಿಗೂ ಹೇಳ್."

ಊಟಕ್ಕೆ ಇರು ಎನ್ನಲಿಲ್ಲ. ನಾನೂ ಇರಲಿಲ್ಲ.

ಮಾವನಿಗೆ ಫೋನಿನಲ್ಲಿ ಹೇಳಿದೆ. ಅವರಿಗೆ ಕಿವಿ ಮಂದ. ಹಳೆಯ ಕಥೆ ಬಿಡು ಮಾರಾಯ ಎಂದರು. ರೀಟಾಬೆನ್ ಈಗ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಸಿಗದವರಿಗೆ ಇದನ್ನು ಬರೆದು ಹೇಳುತ್ತಿದ್ದೇನೆ. ಸರ್ ವಡೋದರಾದ ಹಳೆಯ ಮನೆಯಲ್ಲೇ ಇದ್ದಾರೆ ಎಂದು ತಿಳಿದು ಹೋದವಾರ ಹೋಗಿದ್ದೆ. ಬಹಳ ಮುದುಕರಾಗಿದ್ದಾರೆ. ವರಾಂಡದಲ್ಲಿ ಶಾಲು ಹೊದ್ದು ಕುಳಿತಿದ್ದರು. ಹೆಸರು ಹೇಳಿದೆ, ಶೆಡ್ಡು ಹೇಳಿದೆ, ಹಸಿರು ಬಿಲ್ಲೆ ಹೇಳಿದೆ. ಯಾವ ಪ್ರಮೀಳಾ ಎಂದು ಬಹಳ ಹೊತ್ತು ಯೋಚಿಸಿದರು, ಅವರಿಗೆ ನೆನಪಾಗಲಿಲ್ಲ. ಎಷ್ಟೋ ಮಕ್ಕಳು ಬಂದರು ಹೋದರು ಎಂದರು. ಯಾರ ಒಂದು ಮಾತಿನ ಮೇಲೆ ಅವಳು ಆ ಕೆಲಸ ಕೈಬಿಟ್ಟಳೋ ಅವರಿಗೆ ಅವಳ ಮುಖವೂ ಉಳಿದಿರಲಿಲ್ಲ. ಆದರೂ ಬಂದ ಕೆಲಸ ಮುಗಿಸಬೇಕಿತ್ತು. ಪೂರ್ತಿ ಹೇಳಿದೆ.

ಅವರು ಕಣ್ಣು ಮುಚ್ಚಿ ಕೇಳಿದರು. ಕೇಳಿ ಮುಗಿದ ಮೇಲೆ ನಿಧಾನವಾಗಿ, ಪಾಠ ಹೇಳುವವರ ಹಾಗೆ, ಬೂದಿ ಎಂದರೆ ಹಾಗೇ, ಒಂದು ಗೋಣಿ ಇದ್ದಂತೆ ಇನ್ನೊಂದು ಇರುವುದಿಲ್ಲ ಎಂದರು. ಪ್ರತಿ ಗೋಣಿಯನ್ನೂ ಅವಳು ಪರೀಕ್ಷೆ ಮಾಡಬೇಕಿತ್ತು ಎಂದರು.

"ಮಾಡಿದ್ದಳು ಸರ್," ಎಂದೆ. "ನನ್ನನ್ನು ಕೇಳಿದ್ದಳು."